ಚುಕ್ಕೆ ಇಟ್ಟ ಪುಟ

ಬಸ್ಸು ಹೊಸೂರು ನಿಲ್ದಾಣ ಬಿಟ್ಟು ರಾಯಕೋಟೆ ರಸ್ತೆಗೆ ತಿರುಗುವಷ್ಟರಲ್ಲಿ ಕುಮಾರೇಶನ ಕೈ ಮೂರು ಸಲ ಚೀಲದೊಳಗೆ ಹೋಗಿಬಂದಿತ್ತು. ಊಟದ ಡಬ್ಬಿ, ನೀರಿನ ಬಾಟಲಿ, ಸೀಟಿ, ಸುತ್ತಿಟ್ಟ ಮೊಣಕಾಲು ಪಟ್ಟಿ, ಉಳುಕಿಗೆ ಹೊಡೆಯುವ ಸ್ಪ್ರೇ. ರಿಜಿಸ್ಟರು ಇರಲಿಲ್ಲ. ಇಲ್ಲವೆಂಬುದು ಅವನಿಗೆ ಗೊತ್ತಿತ್ತು. ನಿನ್ನೆ ಸಂಜೆ ಕೃಷ್ಣಗಿರಿಯಲ್ಲಿ ಪಂದ್ಯ ನಡೆಯುತ್ತಿದ್ದ ಕಾಲೇಜಿನ ಸಮಿತಿ ಕೋಣೆಯಲ್ಲಿ, ಐದು ಜನ ಗಂಡಸರು ಸುತ್ತ ಕೂತ ಮೇಜಿನ ಮೇಲೆ ಅವನೇ ಕೈಯಾರೆ ಬಿಚ್ಚಿಟ್ಟು ಬಂದಿದ್ದ. ಆದರೂ ಕೈ ಹೋಗುತ್ತಿತ್ತು. ಹನ್ನೊಂದು ವರ್ಷ ಒಂದೇ ತೂಕದಲ್ಲಿ ಹೆಗಲಿಗೆ ತೂಗಿದ ಚೀಲ ಈಗ ಹಗುರಾಗಿ ತೊಡೆಯ ಮೇಲೆ ನಿಲ್ಲದೆ ಜಾರುತ್ತಿತ್ತು. ಮೂರು ಗಂಟೆಗೆ ಅಂತರಕಾಲೇಜು ಹುಡುಗಿಯರ ಕಬಡ್ಡಿ ಫೈನಲ್. ಅಷ್ಟರೊಳಗೆ ಉದ್ದನಪಲ್ಲಿಯಲ್ಲಿ ಇಳಿದು, ಭೂಮಿಕಾಳ ಮನೆ ಹುಡುಕಿ, ಅವಳನ್ನು ಕರೆದುಕೊಂಡು ರಾಯಕೋಟೆಯ ಮೇಲೆ ಕೃಷ್ಣಗಿರಿ ಮುಟ್ಟಬೇಕು. ಅವಳು ಬಂದರೆ. ನಿನ್ನೆಯಿಂದ ಅವಳ ಫೋನು ಆಫ್. ಜರ್ಸಿಯನ್ನು ಬಿಚ್ಚಿ ತಂಡದ ಗೆಳತಿ ರಮ್ಯಳ ಕೈಗೆ ಕೊಟ್ಟು, 'ಸಾರ್‌ಗೆ ಕೊಟ್ಬುಡು' ಎಂದಷ್ಟೇ ಹೇಳಿ ಹೋದವಳು ಅವಳು. ಆ ಜರ್ಸಿ, ಏಳನೇ ನಂಬರಿನದು, ಚೀಲದ ತಳದಲ್ಲಿತ್ತು. ಅದರ ಮೇಲೆ ಮಾತ್ರ ಅವನ ಕೈ ಹೋಗುತ್ತಿರಲಿಲ್ಲ.

ಬೆಳಿಗ್ಗೆ ಹೆಂಡತಿ ನಾಗವೇಣಿಗೆ ಹೇಳದೆ ಹೊರಡಬೇಕೆಂದುಕೊಂಡಿದ್ದ. ಅವಳು ಕಂಪನಿ ವ್ಯಾನಿಗೆ ಹೊತ್ತಾಯಿತೆಂದು ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಲೇ ಕೇಳಿದಳು: "ಗೆದ್ದು ಬಂದಿದ್ದೀರಿ ಅಂತಾರೆ, ಮುಖ ನೋಡಿದ್ರೆ ಹೆಣ ಹೊತ್ತು ಬಂದಂಗಿದೆ. ಏನಾಯ್ತು?" ಅವನು ಹೇಳಿದ. ಹೇಳುವಾಗ ಅದು ಅಷ್ಟು ದೊಡ್ಡ ವಿಷಯವಲ್ಲವೆಂಬಂತೆ ಕೇಳಿಸಲಿ ಎಂದು ಲುಂಗಿ ಮಡಚುತ್ತ ಹೇಳಿದ. "ಯಾವ ರಿಜಿಸ್ಟ್ರು?" ಎಂದಳು. "ಅದೇ, ಹಾಜರಿದು. ಹೆಣ್ಣುಮಕ್ಳು ಆ ಮೂರು ದಿನ ಗ್ರೌಂಡಿಗೆ ಇಳೀದೆ ಕೂತ್ರೆ ಚುಕ್ಕೆ ಇಡ್ತೀನಲ್ಲ, ಅದು." ಬಾಚಣಿಗೆ ನಿಂತಿತು. "ಎಷ್ಟು ವರ್ಷದಿಂದ ಇಡ್ತಿದ್ದೀರಿ?" "ಸೇರ್ದಾಗಿಂದ." ನಾಗವೇಣಿ ಕನ್ನಡಿಯಲ್ಲೇ ಅವನನ್ನು ನೋಡಿ, "ನನ್ನವೂ ಎಲ್ಲಾದ್ರೂ ಬರ್ದಿಟ್ಟಿದ್ದೀರಾ?" ಎಂದಳು. ನಗಲಿಲ್ಲ. ಕೆಳಗೆ ವ್ಯಾನು ಹಾರ್ನ್ ಹೊಡೆಯಿತು. ಅವಳು ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಸುತ್ತಿ ಉಂಡೆ ಮಾಡಿ, ಎಲ್ಲಿ ಹಾಕುವುದೆಂದು ಒಂದು ಗಳಿಗೆ ನಿಂತು, ಅವನ ಕೈಗೆ ಕೊಟ್ಟು ಹೊರಟುಹೋದಳು.

ಒಳ್ಳೆಯದಕ್ಕೇ ಶುರುಮಾಡಿದ್ದು. ಇದನ್ನು ಯಾರಿಗೆ ಹೇಳುವುದು? ಅವನಿಗಿಂತ ಮೊದಲಿದ್ದ ಡ್ರಿಲ್ ಮೇಷ್ಟ್ರು ಬೇವಿನ ಮರದ ಕೆಳಗೆ ಕೂತ ಹುಡುಗಿಯರನ್ನು ಮೈದಾನದ ಆಚೆ ತುದಿಯಿಂದಲೇ "ಏನಮ್ಮಾ, ಇವತ್ತೂ ರಜಾನಾ?" ಎಂದು ಕೂಗಿ ಕೇಳುತ್ತಿದ್ದರಂತೆ. ಹುಡುಗರು ಸಿಳ್ಳೆ ಹಾಕುತ್ತಿದ್ದರಂತೆ. ಹಾಜರಿ ಹೋಯಿತು, ಮಾರ್ಕು ಹೋಯಿತು ಎಂದು ಹುಡುಗಿಯರು ಹೊಟ್ಟೆ ಹಿಡಿದುಕೊಂಡೇ ಓಡುತ್ತಿದ್ದರಂತೆ. ಇದನ್ನು ಕುಮಾರೇಶನಿಗೆ ಹೇಳಿದವಳು ಕಾಲೇಜಿನ ಆಯಾ ಗಂಗರತ್ನಮ್ಮ. ತಾನು ಬಾಯಿ ಬಿಟ್ಟು ಕೇಳಬೇಕಿಲ್ಲದ, ಹುಡುಗಿಯರು ಬಾಯಿ ಬಿಟ್ಟು ಹೇಳಬೇಕಿಲ್ಲದ ಒಂದು ದಾರಿಯನ್ನು ಅವನೇ ಯೋಚಿಸಿ ಮಾಡಿದ. ಹುಡುಗಿಯರು ಗಂಗರತ್ನಮ್ಮನ ಹತ್ತಿರ ಹೇಳುವುದು. ಅವಳು ಪೊರಕೆ ಹಿಡಿದು ಬೇಲಿಯ ಪಕ್ಕ ಗುಡಿಸುತ್ತ ಬಂದು ಹೆಸರು ಮಾತ್ರ ಹೇಳಿ ಮುಂದೆ ಹೋಗುವುದು. ಅವನು ಆ ಹೆಸರಿನ ಮುಂದೆ ಚುಕ್ಕೆ ಇಡುವುದು. ಹಾಜರಿಗೆ ನೀಲಿ, ಗೈರಿಗೆ ಕೆಂಪು. ಇದು ಎರಡೂ ಅಲ್ಲವೆಂದು ಒಂದು ಹಸಿರು ಪೆನ್ನು ಕೊಂಡ. ಚುಕ್ಕೆ ಬಿದ್ದ ದಿನ ಮಾರ್ಕು ಕಳೆಯುವಂತಿಲ್ಲ. ಮೊನ್ನೆ ಮೊನ್ನೆ ವಿಶ್ವವಿದ್ಯಾಲಯದವರು ದೈಹಿಕ ಶಿಕ್ಷಣದಲ್ಲಿ ಹೊಸ ಪಾಠ ಇಟ್ಟು, ಆಟದಲ್ಲಿ ಇದು ಗಂಡಿನದು ಇದು ಹೆಣ್ಣಿನದು ಎಂಬ ಭಾವನೆ ಹೇಗೆ ಕಡಿಮೆ ಮಾಡುತ್ತೀರಿ ಬರೆದು ಕಳಿಸಿ ಎಂದಾಗ, ಅವನು ಎಂಟು ಪುಟ ಬರೆದ. ಏಳನೆಯ ಪುಟದಲ್ಲಿ ಹಸಿರು ಚುಕ್ಕೆಯ ವಿಷಯ ಇತ್ತು. ತುಂಬ ಸೂಕ್ಷ್ಮವಾದ ಪದ್ಧತಿ ಎಂದು ಮೇಲಿನಿಂದ ಉತ್ತರ ಬಂತು. ಆ ಉತ್ತರವನ್ನು ಅವನು ಎಷ್ಟು ಸಲ ಓದಿದನೆಂದರೆ, ಕೊನೆಗೆ ಆ ಮಾತನ್ನು ತಾನೇ ತನಗೆ ಬರೆದುಕೊಂಡಂತೆ ನಾಚಿಕೆಯಾಗಿತ್ತು.

ಹಗಲು ಕಾಲೇಜಿನಲ್ಲಿ ಓದಿದವರಿಗೆ ಗೊತ್ತಿರುವ ಏನೋ ಒಂದು ತನಗೆ ಗೊತ್ತಿಲ್ಲ ಎಂಬ ಅನುಮಾನ ಅವನಿಗೆ ಮೊದಲಿನಿಂದಲೂ ಇತ್ತು. ಹಗಲು ಕಂಪನಿಯಲ್ಲಿ ಲೇತ್ ತಿರುಗಿಸಿ, ಸಂಜೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ಉಗುರಿನ ಕಪ್ಪು ಎಣ್ಣೆ ಮುಚ್ಚಿಕೊಂಡು ಕೂತು ಓದಿದವನು. ಹೊಸ ಪಾಠವನ್ನು ಅವನು ಹೆದರಿಕೊಂಡೇ, ಪ್ರತಿ ವಾಕ್ಯ ಬರೆದಿಟ್ಟುಕೊಂಡು ಹೇಳಿಕೊಟ್ಟ. ಹುಡುಗರ ಕೈಗೆ ಸ್ಕಿಪ್ಪಿಂಗ್ ಹಗ್ಗ ಕೊಟ್ಟ. "ಸಾರ್, ಕುಪ್ಪಸಾನೂ ಕೊಡ್ತೀರಾ?" ಎಂದ ಜಗನ್ ಎಂಬ ಹುಡುಗ ಎಂಟು ಎಣಿಸುವಷ್ಟರಲ್ಲಿ ಕಾಲು ಸಿಕ್ಕಿಸಿಕೊಂಡು ಬಿದ್ದಾಗ ಹುಡುಗಿಯರು ನಕ್ಕ ನಗು ಅವನಿಗೆ ತನ್ನ ಪಾಠ ಫಲಿಸಿದಂತೆ ಕೇಳಿಸಿತ್ತು. ಹುಡುಗಿಯರನ್ನು ಕಬಡ್ಡಿಯ ಗೆರೆಯೊಳಗೆ ನಿಲ್ಲಿಸಿ, "ಆಟಕ್ಕೆ ಅಡ್ಡ ಬರೋದನ್ನ ಮನೇಲಿ ಬಿಟ್ಟು ಬನ್ನಿ" ಎಂದಿದ್ದ. ನಾಚಿಕೆಯನ್ನು, ಹೆದರಿಕೆಯನ್ನು ಎಂಬ ಅರ್ಥದಲ್ಲಿ. ಮರುಸೋಮವಾರ ಭೂಮಿಕಾ ಜಡೆ ಕತ್ತರಿಸಿಕೊಂಡು ಬಂದಿದ್ದಳು. ಕಿವಿಯ ಮೇಲಕ್ಕೆ, ಗಂಡುಮಕ್ಕಳ ಹಾಗೆ. ಅವನಿಗೆ ಎದೆ ಧಸಕ್ಕೆಂದಿತ್ತು. ಆದರೆ ತೋರಿಸಿಕೊಳ್ಳಬಾರದೆಂದು ಎಲ್ಲರಿಂದಲೂ ಚಪ್ಪಾಳೆ ತಟ್ಟಿಸಿದ. ಆ ಕೂದಲು ಕತ್ತರಿಸದಿದ್ದರೆ? ಚಪ್ಪಾಳೆ ತಟ್ಟಿಸದಿದ್ದರೆ? ಬಸ್ಸು ರಸ್ತೆಯ ಉಬ್ಬೊಂದಕ್ಕೆ ಹಾರಿ, ಮುಂದಿನ ಸೀಟಿನ ಹೆಂಗಸಿನ ಮಡಿಲಿನ ಹೂವಿನ ಗಂಟು ಅವನ ಕಾಲ ಬಳಿ ಉರುಳಿತು. ಎತ್ತಿಕೊಡಲು ಬಗ್ಗಿದವನು ಮುಟ್ಟಬಹುದೋ ಬಾರದೋ ಎಂದು ತಡೆದ. ಅಷ್ಟರಲ್ಲಿ ಅವಳೇ ಎತ್ತಿಕೊಂಡಳು.

ನಿನ್ನೆ ಸೆಮಿಫೈನಲ್‌ನಲ್ಲಿ ಭೂಮಿಕಾ ಒಂದೇ ರೈಡಿನಲ್ಲಿ ನಾಲ್ಕು ಜನರನ್ನು ಎಳೆದುಕೊಂಡು ಮಧ್ಯಗೆರೆಗೆ ಬಂದು ಬಿದ್ದಿದ್ದಳು. ಬೆರಳಿನ ತುದಿ ಗೆರೆಯ ಮೇಲಿತ್ತು. ಆ ಬೆರಳನ್ನು ನೋಡಿ ಅವನ ಕಣ್ಣಲ್ಲಿ ನೀರು ಬಂದಿತ್ತು. ಅರ್ಧ ಗಂಟೆಯ ಮೇಲೆ ಅವನನ್ನು ಕೋಣೆಗೆ ಕರೆದರು. ಫೈನಲ್‌ನಲ್ಲಿ ಎದುರು ಆಡಬೇಕಿದ್ದ ಕಾಲೇಜಿನ ಮ್ಯಾನೇಜರು ಆಕ್ಷೇಪ ಬರೆದುಕೊಟ್ಟಿದ್ದ. "ಆ ಏಳನೇ ನಂಬರು ಹುಡುಗಿ ಅಲ್ಲ ಸಾರ್. ತುಟಿ ಮೇಲೆ ನೋಡಿ, ಗಂಟಲು ಕೇಳಿ. ನಮ್ಮ ಹೆಣ್ಣುಮಕ್ಕಳು ಹಿಡಿಯೋಕೇ ಹೆದರ್ತಾರೆ" ಎಂದು ತಮಿಳಿನಲ್ಲಿ, ಬಹಳ ಬೇಜಾರಿನ ದನಿಯಲ್ಲಿ ಹೇಳಿದ. ಕುಮಾರೇಶ ಆಧಾರ್ ಕಾರ್ಡು ತೋರಿಸಿದ. "ಕಾರ್ಡಲ್ಲಿ ಬರೆಸಿದ್ದೆಲ್ಲ ನಿಜಾನಾ?" ಎಂದ ಆ ಮನುಷ್ಯ. ಪಂದ್ಯಾವಳಿಯ ಸಂಚಾಲಕ ಆವುಲಪ್ಪನವರು, ನಿವೃತ್ತಿಯ ಅಂಚಿನಲ್ಲಿದ್ದವರು, ಜಗಳ ಬೇಡವೆನ್ನುವವರು, ಕನ್ನಡದಲ್ಲೇ "ಬೇರೆ ಏನಾದ್ರೂ ಇದ್ರೆ ತೋರ್ಸಿಬಿಡಿ ಕುಮಾರೇಶ್ ಸಾರ್, ಮುಗಿಸ್ಬಿಡೋಣ" ಎಂದರು. ಹಗಲು ಓದಿದವನಾದರೆ ಆ ಕ್ಷಣಕ್ಕೆ ಏನು ಹೇಳುತ್ತಿದ್ದನೋ. ನೀವು ಇದನ್ನು ಕೇಳುವ ಹಾಗಿಲ್ಲ ಎನ್ನುತ್ತಿದ್ದನೇನೋ. ಕುಮಾರೇಶನಿಗೆ ಹೊಳೆದದ್ದು ಚೀಲ. ಚೀಲದಲ್ಲಿದ್ದ ರಿಜಿಸ್ಟರು. ಅವಳ ಹೆಸರಿನ ಮುಂದಿನ ಹಸಿರು ಚುಕ್ಕೆಗಳು. ನೋಡಿ ಸಾರ್, ಎಂದು ಬಿಚ್ಚಿಟ್ಟ. ಜೂನ್ ತಿಂಗಳೊಂದನ್ನು ಬಿಟ್ಟರೆ ಪ್ರತಿ ತಿಂಗಳೂ ಇದೆ ನೋಡಿ ಸಾರ್. ಅವರು ಬಗ್ಗಿದರು. ಒಬ್ಬ ಕನ್ನಡಕ ಹಾಕಿಕೊಂಡ. ಬೆರಳಿಟ್ಟು ಎಣಿಸಿದರು, ಒಂದು, ಎರಡು, ಮೂರು. "ಈ ರಮ್ಯ ಅನ್ನೋ ಹುಡ್ಗೀದೂ ಇವಳದೂ ಒಂದೇ ದಿನ ಬತ್ತದಲ್ರೀ, ಸ್ನೇಹ ಅಂದ್ರೆ ಇದು" ಎಂದು ಆವುಲಪ್ಪನವರು ನಕ್ಕರು. ಎಲ್ಲರೂ ನಕ್ಕರು. ಗೆದ್ದೆ ಎನ್ನಿಸಿ, ಅವನೂ ನಕ್ಕ. ನಗುತ್ತ ತಲೆ ಎತ್ತಿದರೆ ಬಾಗಿಲಲ್ಲಿ ಭೂಮಿಕಾ. ಗುರುತಿನ ಚೀಟಿಗಳ ಕಟ್ಟು ತಂದುಕೊಡು ಎಂದು ಅವನೇ ಫೋನು ಮಾಡಿ ಕರೆದಿದ್ದ. ಚೀಟಿಗಳಿಗೆ ಹಾಕಿದ ರಬ್ಬರ್ ಬ್ಯಾಂಡನ್ನು ಅವಳು ಬೆರಳಿಗೆ ಸುತ್ತಿಕೊಂಡಿದ್ದಳು. ಬೆರಳಿನ ತುದಿ ಬೆಳ್ಳಗಾಗಿತ್ತು.

ಉದ್ದನಪಲ್ಲಿಯಲ್ಲಿ ಇಳಿದು ಭೂಮಿಕಾಳ ಅಪ್ಪ ಮುನಿಯಲ್ಲಪ್ಪನವರ ಮನೆ ಎಂದು ಕೇಳಿದಾಗ ಟೀ ಅಂಗಡಿಯವನು "ಯಾವ ಮುನಿಯಲ್ಲಪ್ಪ? ಟಮೋಟಾ ಮುನಿಯಲ್ಲಪ್ಪನಾ, ಆ ಆಟ ಆಡೋ ಹುಡ್ಗಿ ಮನೇನಾ?" ಎಂದ. ಆ ಹುಡುಗಿ ಎಂದನಲ್ಲ, ಹುಡುಗಿ ಎಂದೇ ಅಂದನಲ್ಲ ಎಂದು ಕುಮಾರೇಶನಿಗೆ ಸಮಾಧಾನವಾಯಿತು. ಸಮಾಧಾನವಾದ ಮೇಲೆ, ತಾನೂ ಅದನ್ನೇ ನೋಡುತ್ತಿದ್ದೇನೆ, ಸಾಕ್ಷಿ ಹುಡುಕುತ್ತಿದ್ದೇನೆ ಎಂದು ಅಸಹ್ಯವಾಯಿತು. ಮನೆ ತೋಟದ ಅಂಚಿನಲ್ಲಿತ್ತು. ಅಪ್ಪ ಲೋಡು ತೆಗೆದುಕೊಂಡು ರಾಯಕೋಟೆ ಮಂಡಿಗೆ ಹೋಗಿದ್ದ. ಅಂಗಳದಲ್ಲಿ ಭೂಮಿಕಾ ಕುಕ್ಕರುಗಾಲಲ್ಲಿ ಕೂತು ಟೊಮೇಟೊ ಆರಿಸುತ್ತಿದ್ದಳು. ಕೆಂಪು ಬಲಗಡೆ, ಅರೆಮಾಗಿದ ದೋರೆ ಎಡಗಡೆ, ಒಡೆದದ್ದು ಬಕೆಟ್ಟಿಗೆ. ಅವನನ್ನು ನೋಡಿ ಎದ್ದು ನಿಂತಳು. ಮೇಷ್ಟ್ರನ್ನು ಕಂಡರೆ ಎದ್ದು ನಿಲ್ಲುವ ಆ ಅಭ್ಯಾಸ ಅವನನ್ನು ಇನ್ನಷ್ಟು ಕುಗ್ಗಿಸಿತು. ಅವಳ ತಾಯಿ ಚೆಲುವಮ್ಮ ಸೆರಗಿಗೆ ಕೈ ಒರೆಸುತ್ತ ಬಂದು, "ಬನ್ನಿ ಸಾರೂ, ಏನೂ ಹೇಳ್ದೆ ಬಂದ್ಬುಟ್ಲು, ಉಂಡಿಲ್ಲ, ಮಾತಾಡಿಲ್ಲ. ಸೋತೋದ್ರಾ?" ಎಂದಳು. "ಇಲ್ಲಮ್ಮಾ, ಗೆದ್ವಿ." "ಗೆದ್ರೂ ಹಿಂಗಾ?" ಎಂದು ಮಗಳನ್ನು ನೋಡಿ, ಕಾಫಿಗೆ ಇಡುತ್ತೇನೆಂದು ಒಳಗೆ ಹೋದಳು.

ಅವನು ಒಂದು ಖಾಲಿ ಕ್ರೇಟು ಬೋರಲು ಹಾಕಿ ಕೂತ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಪಾಠದ ಮಾತುಗಳಂತೆ ಇದ್ದವು. ಎದುರಿಗೆ, ತುಂಬಿದ ಕ್ರೇಟುಗಳ ರಾಶಿಯ ಮೇಲೆ, ಬಿಸಿಲು ಬೀಳದಂತೆ ಹಳೆಯ ಫ್ಲೆಕ್ಸ್ ಒಂದನ್ನು ಹೊದಿಸಿದ್ದರು. ಬಣ್ಣ ಹಾರಿದ ಆ ಫ್ಲೆಕ್ಸಿನಲ್ಲಿ ರೇಷ್ಮೆ ಸೀರೆ, ಉದ್ದ ಜಡೆ, ಜಡೆ ತುಂಬ ಹೂವು, ಕೈ ತುಂಬ ಬಳೆ ಹಾಕಿ ಕೂತ ಹುಡುಗಿ. ಮೇಲೆ ತಮಿಳಿನಲ್ಲೂ ಕೆಳಗೆ ಕನ್ನಡದಲ್ಲೂ ಮೈನೆರೆದ ಆರತಿಗೆ ಎಲ್ಲರಿಗೂ ಸ್ವಾಗತ ಎಂದಿತ್ತು. ಅದು ಭೂಮಿಕಾಳೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದೊಡನೆ ಕಣ್ಣು ತೆಗೆದ.

"ತಪ್ಪಾಯ್ತಮ್ಮಾ" ಎಂದ. "ನಂಗೆ ಆಗ ಬೇರೇನೂ ತೋಚ್ಲಿಲ್ಲ. ನಿನ್ನನ್ನ ಆಟದಿಂದ ತೆಗೆದ್ಬಿಡ್ತಾರೆ ಅಂತ..."

"ಆ ಚುಕ್ಕೆ ಎಲ್ಲಾ ಸುಳ್ಳು ಸಾರ್."

"ಏನು?"

"ನಂಗೆ ಆಗೇ ಇಲ್ಲ. ಇದುವರ್ಗೂ." ಒಂದು ಹಣ್ಣನ್ನು ತಿರುಗಿಸಿ ನೋಡಿ ಎಡಗಡೆ ಹಾಕಿದಳು. "ರಮ್ಯ ಯಾವತ್ತು ಹೋಗಿ ಕೂತ್ಕತಾಳೋ, ಅವತ್ತು ಗಂಗರತ್ನಮ್ಮನ ಹತ್ರ ನನ್ ಹೆಸ್ರೂ ಹೇಳ್ತಿದ್ದೆ. ಜೂನ್‌ನಾಗೆ ರಮ್ಯ ಊರಿಗೆ ಹೋಗಿದ್ಲು, ನಂಗೆ ಮರ್ತೋಯ್ತು. ಆಮೇಲೆ ಎರಡು ವಾರ ನಿದ್ದೆ ಬರ್ಲಿಲ್ಲ ಸಾರ್, ನೀವು ಕೇಳ್ಬುಡ್ತೀರಾ ಅಂತ."

ಜೂನ್. ಅವನು ಕೇಳಿರಲಿಲ್ಲ. ಆದರೆ ನೋಡಿದ್ದ. ತಿಂಗಳ ಕೊನೆಗೆ ಪುಟ ಕೂಡಿಸುವಾಗ ಆ ಖಾಲಿ ಜಾಗ ಕಂಡು, ಬೇರೆ ಯಾವುದೋ ಅನುಮಾನ ಬಂದು, ಎರಡು ವಾರ ಅವಳು ರೈಡಿಗೆ ಹೋದಾಗಲೆಲ್ಲ ಅವನ ಕಣ್ಣು ಅವಳ ಹೊಟ್ಟೆಯ ಕಡೆ ಹೋಗುತ್ತಿತ್ತು. ಮೇಷ್ಟ್ರಾಗಿ ಜವಾಬ್ದಾರಿ ಎಂದು ತನಗೆ ಹೇಳಿಕೊಂಡಿದ್ದ. ಜುಲೈಯಲ್ಲಿ ಚುಕ್ಕೆ ಬಿದ್ದಾಗ ದೇವರಿಗೆ ಕೈ ಮುಗಿದಿದ್ದ. ಆ ಎರಡು ವಾರ ಅವಳು ನಿದ್ದೆಯಿಲ್ಲದೆ ಅವನ ಪೆನ್ನನ್ನು ನೋಡುತ್ತಿದ್ದಳು, ಅವನು ಅವಳ ಹೊಟ್ಟೆಯನ್ನು ನೋಡುತ್ತಿದ್ದ, ನಡುವೆ ಆಟ ನಡೆಯುತ್ತಿತ್ತು. 

"ಡಾಕ್ಟ್ರು...?" ಎಂದ. ಎಂದದ್ದೇ ತಪ್ಪೆನ್ನಿಸಿತು.

"ಹೊಸೂರಾಗೆ ತೋರ್ಸಿದ್ರು. ಡಾಕ್ಟ್ರಮ್ಮ ಸ್ಕ್ಯಾನು, ರಕ್ತ ಅಂತೆಲ್ಲ ಬರ್ಕೊಟ್ರು. ಅಪ್ಪ ಬ್ಯಾಡ ಅಂದ. ಗೊತ್ತಾಗ್ಬುಟ್ರೆ ಏನ್ ಮಾಡಾದು ಅಂದ." ಅವಳು ಕತ್ತಿನಿಂದ ಫ್ಲೆಕ್ಸಿನ ಕಡೆ ತೋರಿಸಿದಳು. "ನನ್ ಜೊತೆಯವರ್ದೆಲ್ಲ ಆರತಿ ಆಯ್ತು, ಇವಳ್ದು ಯಾಕಾಗಿಲ್ಲ ಅಂತ ಊರೋರು ಕೇಳೋಕೆ ಶುರು ಮಾಡಿದ್ರು. ಅದ್ಕೆ ಹತ್ತನೇ ಕ್ಲಾಸಾಗೆ ಸುಮ್ಕೆ ಮಾಡ್ಬುಟ್ರು. ಮೊದಲ್ನೇ ಚುಕ್ಕೆ ನಮ್ಮವ್ವ ಇಟ್ಟಿದ್ದು ಸಾರ್. ನಾನು ಅದನ್ನ ಮುಂದುವರ್ಸಿದೆ, ಅಷ್ಟೇ."

ಕುಮಾರೇಶ ಒಂದು ಟೊಮೇಟೊ ಎತ್ತಿಕೊಂಡ. ಕೈಗೆ ಏನಾದರೂ ಬೇಕಾಗಿತ್ತು. ಅದು ಕೆಂಪೋ ದೋರೆಯೋ ಅವನಿಗೆ ತಿಳಿಯಲಿಲ್ಲ. ಆಮೇಲೆ ಅವನ ಬಾಯಿಂದ ಬಂದ ಮಾತನ್ನು ಅವನು ಮುಂದೆ ಎಷ್ಟೋ ಸಲ ನೆನೆಸಿಕೊಂಡು ಒದ್ದಾಡುವನು: "ಯಾರಿಗೂ ಗೊತ್ತಿಲ್ವಲ್ಲಮ್ಮಾ. ಅವ್ರು ಒಪ್ಕೊಂಡವ್ರೆ. ನಾನೊಂದು ಸೈನು ಹಾಕಿದ್ರೆ ನೀನು ಆಡ್ಬೋದು."

"ಅದನ್ನ ತೋರ್ಸಿ ಆಡ್ಬೇಕಾ ಸಾರ್?" ದನಿ ಏರಿಸಲಿಲ್ಲ. ಅವಳ ಗಂಟಲು ನಿಜಕ್ಕೂ ದಪ್ಪ.  "ಸುಳ್ಳಿಯೂ ಆದೆ, ಅವ್ರು ಎಣಿಸ್ದಂಗೂ ಆಯ್ತು. ನಾನು ಗೆರೆ ಮುಟ್ಟಿದ್ದು ಎಣಿಸ್ಲಿ ಅಂತ ಆಡಿದ್ದು ಸಾರ್. ಆ ಬುಕ್ಕು ಅವ್ರ ಹತ್ರ ಇರೋವರ್ಗೂ ನಾನು ಅಲ್ಲಿಗೆ ಕಾಲಿಡಲ್ಲ. ಇಸ್ಕೊಳ್ಳಿ. ಇಸ್ಕೊಂಡ್ರೆ ಬತ್ತೀನಿ."

"ಇಸ್ಕೊಂಡ್ರೆ ನಿನ್ನ ಆಡಿಸಲ್ವಲ್ಲಮ್ಮಾ."

"ಬತ್ತೀನಿ ಅಂದೆ. ಆಡ್ತೀನಿ ಅಂದ್ನಾ?"

ಚೆಲುವಮ್ಮ ಕಾಫಿ ತಂದಳು. ಅವನು ಬಿಸಿಬಿಸಿಯಾಗಿಯೇ ಕುಡಿದು ನಾಲಿಗೆ ಸುಟ್ಟುಕೊಂಡ. ಜರ್ಸಿಯನ್ನು ತೆಗೆದು ಕ್ರೇಟಿನ ಮೇಲಿಟ್ಟ. ಭೂಮಿಕಾ ಅದರ ಕಡೆ ನೋಡಲಿಲ್ಲ. ಬಸ್ಸಿಗೆಂದು ರಸ್ತೆಯವರೆಗೆ ಬರುವಷ್ಟರಲ್ಲಿ ಹಿಂದಿನಿಂದ ಚೆಲುವಮ್ಮ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಟೊಮೇಟೊ ತುಂಬಿದ ಪ್ಲಾಸ್ಟಿಕ್ ಚೀಲ. ಅದನ್ನು ಅವನ ಕೈಗೆ ತುರುಕಿ, ಸುತ್ತ ನೋಡಿ, ದನಿ ತಗ್ಗಿಸಿದಳು. "ಒಳಗಿಂದ ಕೇಳುಸ್ಕೊಂಡೆ ಸಾರೂ. ಅವಳು ಮಗು, ಏನೋ ಅಂತಾಳೆ. ಇಸ್ಕೋಬ್ಯಾಡಿ. ದೊಡ್ಡೋರು ನೋಡಿ ಸರಿ ಅಂದವ್ರಲ್ಲ, ಹಂಗೇ ಇರ್ಲಿ. ನಾಳೆ ಯಾರಾನ ಒಂದು ಮಾತು ಅಂದ್ರೆ ಕಾಲೇಜಿನ ಬುಕ್ಕಾಗೇ ಐತೆ ನೋಡಿ ಅನ್ಬೋದು. ಒಂದು ಬುಕ್ಕಾಗಾದ್ರೂ ಅವಳಿಗೆ ಆಗಿರ್ಲಿ ಸಾರೂ." ಅವಳು ಅವನ ಕಾಲು ಮುಟ್ಟಲು ಬಗ್ಗಿದಳೋ, ಜಾರಿದ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದಳೋ. ಅವನು ಹಿಂದೆ ಸರಿದ. ಬಸ್ಸು ಬಂತು. ನೋಡೋಣಮ್ಮಾ, ಎಂದ. ಎಂಥ ಮಾತು. ಜೀವಮಾನವೆಲ್ಲ ಅವನು ಕಷ್ಟದಲ್ಲಿ ಆಡಿದ ಮಾತು ಅದೊಂದೇ.

ರಾಯಕೋಟೆಯಲ್ಲಿ ಬಸ್ಸು ಬದಲಿಸಿದ. ಟೊಮೇಟೊ ಚೀಲ ತೊಡೆಯ ಮೇಲಿತ್ತು. ಈಗ ಭಾರವಿತ್ತು. ದಾರಿಯುದ್ದಕ್ಕೂ ಎರಡು ಬಗೆಯಾಗಿಯೂ ತೀರ್ಮಾನ ಮಾಡಿ ನೋಡಿದ. ಸಹಿ ಹಾಕಿದರೆ ಅವಳು ಬರುವುದಿಲ್ಲ, ಆದರೆ ಹೆಸರು ಉಳಿಯುತ್ತದೆ, ತಾಯಿ ಬದುಕಿಕೊಳ್ಳುತ್ತಾಳೆ. ಇಸಕೊಂಡರೆ ಅವಳು ಬರುತ್ತಾಳೆ, ಆಡುವುದಿಲ್ಲ, ಮತ್ತು ಯಾಕೆ ಇಸಕೊಂಡೆ ಎಂದು ಐದು ಜನ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಿದರೂ ಅವಳನ್ನೇ ಹರಾಜು ಹಾಕಿದಂತೆ, ಹೇಳದಿದ್ದರೂ ಹರಾಜು ಹಾಕಿದಂತೆ. ಯಾವ ದಾರಿಯಲ್ಲಿಯೂ ಅವಳು ಗೆರೆ ಮುಟ್ಟುವುದು ಇರಲಿಲ್ಲ. ಒಬ್ಬ ಮನುಷ್ಯ ಒಂದು ಪುಟ ತಿರುಗಿಸಿದ್ದಕ್ಕೆ ಇಷ್ಟೊಂದು ಬಾಗಿಲು ಮುಚ್ಚುತ್ತವೆಯೇ? ತಾನು ಆ ಹೊತ್ತಿನಲ್ಲಿ ನಗದೆಯಾದರೂ ಇರಬಹುದಿತ್ತು. ಅದೊಂದನ್ನಾದರೂ ಮಾಡಬಹುದಿತ್ತು.

ಎರಡೂವರೆಗೆ ಕೋಣೆಯೊಳಗೆ ಹೋದಾಗ ರಿಜಿಸ್ಟರು ಮೇಜಿನ ಮೇಲೇ ಇತ್ತು. ಅದರ ಮೇಲೆ ಯಾರೋ ಟೀ ಲೋಟ ಇಟ್ಟಿದ್ದರು. ಲೋಟ ಎತ್ತಿದರೆ ರಟ್ಟಿನ ಮೇಲೆ ದುಂಡನೆಯ ಗುರುತು. "ಬನ್ನಿ ಬನ್ನಿ, ಜೆರಾಕ್ಸ್ ತೆಗೆಸಿದ್ದೀನಿ, ಇಲ್ಲೊಂದು ಸೈನ್ ಹಾಕ್ಬಿಡಿ" ಎಂದು ಆವುಲಪ್ಪನವರು ಕಾಗದ ಮುಂದೆ ಸರಿಸಿದರು. ಕುಮಾರೇಶ ನಿಂತೇ ಇದ್ದ.

"ನಾನು ವಾಪಸ್ ತಗೊಳ್ತೀನಿ ಸಾರ್. ಜೆರಾಕ್ಸೂ ಕೊಟ್ಬಿಡಿ."

"ಯಾಕ್ರೀ? ಏನಾಯ್ತು? ಸುಳ್ಳಾ?"

"ಅದಲ್ಲ ಸಾರ್. ನಾನು ತೋರಿಸಬಾರ್ದಿತ್ತು. ನೀವು ನೋಡಬಾರ್ದಿತ್ತು."

ಇದನ್ನು ಹೇಳಿದ್ದು ತಾನೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ.  ಆವುಲಪ್ಪನವರ ಮುಖದಲ್ಲಿ ಸಿಟ್ಟು ಬರಲಿಲ್ಲ. ತೊಂದರೆ ಕೊಡುವ ಮಗುವನ್ನು ನೋಡುವಂತೆ ನೋಡಿದರು. "ಹಂಗಾದ್ರೆ ಆಕ್ಷೇಪ ಹಂಗೇ ಉಳೀತದೆ. ಆ ಹುಡ್ಗೀನ ಬಿಟ್ಟು ಉಳಿದ ಏಳು ಜನರನ್ನ ಇಳಿಸಿ. ನಿಮ್ ಇಷ್ಟ" ಎಂದು ಜೆರಾಕ್ಸನ್ನೂ ರಿಜಿಸ್ಟರನ್ನೂ ಸರಿಸಿದರು. ಬಾಗಿಲ ಬಳಿ ಎದುರು ಕಾಲೇಜಿನ ಮ್ಯಾನೇಜರು ಒರಗಿ ನಿಂತಿದ್ದ. "ತಕ್ಕೊಂಡ್ ಹೋಗಿ ಸಾರ್, ಪರವಾಗಿಲ್ಲ" ಎಂದು ಜೇಬು ತಟ್ಟಿಕೊಂಡ. "ನಿನ್ನೆಯೇ ಫೋಟೋ ತಗೊಂಡಿದ್ದೀನಿ." ಅದರಲ್ಲಿ ಕುಚೋದ್ಯವೂ ಇರಲಿಲ್ಲ. ಬಸ್ಸಿನ ಸಮಯ ಹೇಳಿದಂತೆ ಹೇಳಿದ್ದ.

ಮೈದಾನದ ಆಚೆ ಬದಿ, ಸಿಮೆಂಟು ಮೆಟ್ಟಿಲ ಮೇಲೆ ಹುಡುಗಿಯರು ಸಾಲಾಗಿ ಕೂತಿದ್ದರು. ಎಂಟು ಜನ. ಕೊನೆಯಲ್ಲಿ ಭೂಮಿಕಾ. ಕಾಲಿಡಲ್ಲ ಎಂದಿದ್ದವಳು ಕಾಯಲಾರದೆ ಅವನ ಬೆನ್ನಿಗೇ ಮುಂದಿನ ಬಸ್ಸು ಹಿಡಿದಿರಬೇಕು. ಏಳನೇ ನಂಬರಿನ ಜರ್ಸಿ ಹಾಕಿದ್ದಳು. ಅವಳ ಮೂಗಿನ ತುದಿಯಲ್ಲಿ ಬೆವರು. ಅವನು ಮೈದಾನ ದಾಟಿ ಬರುವಷ್ಟು ಹೊತ್ತೂ ಅವರು ಅವನ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದರು. "ಇಸ್ಕೊಂಡ್ರಾ ಸಾರ್?" ಎಂದಳು ಭೂಮಿಕಾ. ಅವನು ರಿಜಿಸ್ಟರನ್ನು ಅವಳಿಗೆ ಕೊಟ್ಟ. ಬಿಡುಗಡೆಯಂಥ ಏನೋ ಒಂದು ಆಗಬಹುದೆಂದು, ಅವಳ ಮುಖ ಸ್ವಲ್ಪ ಸಡಿಲಬಹುದೆಂದು, ಅವನು ದಾರಿಯೆಲ್ಲ ತನಗೆ ತಿಳಿಯದೆಯೇ ಕಾದಿದ್ದ. ಅವಳು ಅದನ್ನು ಬಿಚ್ಚಲಿಲ್ಲ. ಪಕ್ಕದ ರಮ್ಯಳ ಮಡಿಲಲ್ಲಿಟ್ಟಳು.

ರಮ್ಯ ಬಿಚ್ಚಿದಳು. ಹಾಳೆ ಮಡಚಿ ಗುರುತಿಟ್ಟಿದ್ದರಿಂದ ಆ ಪುಟವೇ ತೆರೆಯಿತು. ಅವಳ ಬೆರಳು ಮೇಲಿನಿಂದ ಕೆಳಕ್ಕೆ ಇಳಿಯಿತು. ಭೂಮಿಕಾ. ಮೇಘಶ್ರೀ. ರಮ್ಯ. ವರಲಕ್ಷ್ಮಿ. ಎಂಟು ಹೆಸರು ಒಂದರ ಕೆಳಗೊಂದು, ಅವನದೇ ಅಚ್ಚುಕಟ್ಟಾದ ಕೈಬರಹದಲ್ಲಿ. ಮುಂದೆ ಹಸಿರು ಚುಕ್ಕೆಗಳು, ಯಾವುದೂ ತನ್ನ ಚೌಕದ ಮನೆ ಬಿಟ್ಟು ಆಚೆ ಹೋಗದಂತೆ ಇಟ್ಟವು.

"ಎಲ್ಲಾರ್ದೂ ಒಂದೇ ಪುಟದಾಗೆ ಐತಲ್ಲ ಸಾರ್" ಎಂದಳು ರಮ್ಯ. "ನಮ್ದೂ ನೋಡಿದ್ರಾ?"

ಅವನಿಗೆ ಆವುಲಪ್ಪನವರ ನಗು ಕೇಳಿಸಿತು. ಸ್ನೇಹ ಅಂದ್ರೆ ಇದು. ಅವರ ಬೆರಳು ಎರಡು ಸಾಲುಗಳ ನಡುವೆ ಹೋಗಿಬಂದದ್ದು ಕಂಡಿತು. ನಿನ್ನೆಯಿಂದ ಇಲ್ಲಿಯವರೆಗೆ, ಬಸ್ಸಿನಲ್ಲಿ, ಹಾಸಿಗೆಯಲ್ಲಿ, ಕ್ರೇಟಿನ ಮೇಲೆ ಕೂತು, ಅವನು ಒಬ್ಬಳ ಬಗ್ಗೆ ಮಾತ್ರ ನೊಂದಿದ್ದ. ಉಳಿದ ಏಳು ಜನ ಆ ಪುಟದಲ್ಲಿ ಇದ್ದರೆಂಬುದು ಅವನಿಗೆ ಹೊಳೆದೇ ಇರಲಿಲ್ಲ. ಪಶ್ಚಾತ್ತಾಪದಲ್ಲೂ ಅವನು ಪಾಠ ಮಾಡುವವನಂತೆ ಒಂದು ಉದಾಹರಣೆಯನ್ನಷ್ಟೇ ಹಿಡಿದುಕೊಂಡಿದ್ದ. ಆಚೆ ಸೀಟಿ ಕೂಗಿತು. ಮೊದಲನೆಯದು; ಮೂರನೆಯದಕ್ಕೆ ಗೆರೆಯೊಳಗಿಲ್ಲದ ತಂಡ ಸೋತಂತೆ. ಎದುರು ತಂಡದವರು ಗೆರೆಯೊಳಗೆ ಬಂದು ಕೈಗೆ ಮಣ್ಣು ಉಜ್ಜಿಕೊಂಡರು. ಇಲ್ಲ ಎಂದುಬಿಡಬಹುದಿತ್ತು. ಇಲ್ಲ ಎಂದರೆ ಏಳು ಜನ ಎದ್ದು ಆಡುತ್ತಾರೆ, ಬಹುಶಃ ಗೆಲ್ಲಲೂಬಹುದು.

"ನೋಡಿದ್ರು" ಎಂದ. ನಾಲಿಗೆ ಸುಟ್ಟ ಜಾಗ ಉರಿಯಿತು. "ಫೋಟೋನೂ ತೆಗೆದವ್ರೆ. ಅದು ಅವ್ರ ಫೋನಾಗೆ ಐತೆ. ನಾನು ಇಸ್ಕೊ‌ಳ್ಳೋಕಾಗ್ಲಿಲ್ಲ."

ವರಲಕ್ಷ್ಮಿ ಕಟ್ಟಿಕೊಂಡಿದ್ದ ಶೂ ಲೇಸನ್ನು ಬಿಚ್ಚತೊಡಗಿದಳು. ಮೇಘಶ್ರೀ ಮುಖ ಆಚೆ ತಿರುಗಿಸಿದಳು. ಯಾರೂ ಅಳಲಿಲ್ಲ. ಅತ್ತಿದ್ದರೆ ಅವನಿಗೆ ಮಾಡಲು ಏನಾದರೂ ಇರುತ್ತಿತ್ತು. ಎರಡನೆಯ ಸೀಟಿ ಕೂಗಿತು. ಅಭ್ಯಾಸದಿಂದ ಎಂಟೂ ಮುಖಗಳು ಅವನ ಕಡೆ ತಿರುಗಿದವು. ಏಳಿ ಎಂದರೆ ಏಳುತ್ತಿದ್ದರು, ಬೇಡ ಎಂದರೆ ಕೂರುತ್ತಿದ್ದರು. ಎರಡರಲ್ಲಿ ಯಾವುದನ್ನಾದರೂ ಹೇಳಲು ತಾನು ಯಾರು ಎಂಬುದೇ ಅವನಿಗೆ ಸಿಗಲಿಲ್ಲ. ಮೈದಾನಕ್ಕೆ ಬರುತ್ತ ಕೊರಳಿಗೆ ಹಾಕಿಕೊಂಡಿದ್ದ ಸೀಟಿಯನ್ನು ತೆಗೆದು ಚೀಲದೊಳಗೆ, ಟೊಮೇಟೊಗಳ ಮೇಲೆ ಹಾಕಿದ. ನಿಂತಿರಲಾಗದೆ, ಅವರ ಸಾಲಿನ ತುದಿಯಲ್ಲಿ, ಅದೇ ಮೆಟ್ಟಿಲ ಮೇಲೆ ಕೂತ. ಬಿಸಿಲಿಗೆ ಕಾದ ಸಿಮೆಂಟು ಸುಟ್ಟಿತು. ಹನ್ನೊಂದು ವರ್ಷ ಅವನು ಹುಡುಗಿಯರು ಹೀಗೆ ಕೂತದ್ದನ್ನು ನಿಂತುಕೊಂಡು ನೋಡಿದ್ದ. ಕೂತು ನೋಡಿರಲಿಲ್ಲ. ಇಲ್ಲಿಂದ ಮೈದಾನ ಬಹಳ ದೂರ ಕಾಣುತ್ತಿತ್ತು.

ಮಗ್ಗುಲಲ್ಲಿದ್ದ ಭೂಮಿಕಾ ಸ್ವಲ್ಪ ಸರಿದು ಕೂತಳು. ಜಾಗ ಕೊಡಲೆಂದೋ, ದೂರವಾಗಲೆಂದೋ, ಅವನಿಗೆ ತಿಳಿಯಲಿಲ್ಲ. ಮೂರನೆಯ ಸೀಟಿ ಕೂಗಿತು.